ಮರದ ಮೇಲೆ ಹಂದಿ ಕಾಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಸಾಕಾ?

ನೀವು ಕೇಳಿದ್ದು ಇಷ್ಟು: ತೋಟಕ್ಕೆ ಹಂದಿ ಕಾಟ, ಮರದ ಮೇಲೆ ಅಟ್ಟಳಿಗೆ ಕಟ್ಟಿ ರಾತ್ರಿ ಕೋವಿ ಹಿಡಿದು ಕೂರಬೇಕು ಅಂತಿದ್ದೀರಿ, ಬೀಳದ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಸಾಕಾ ಅಂತ.

ಸಾಕಾಗುವುದಿಲ್ಲ. ನಾನು ಕಟ್ಟಿಕೊಂಡು ನೋಡಿದವ.

ನಮ್ಮದು ಕಾಸರಗೋಡಿನ ಮುಳಿಯಾರು ಕಡೆ. ಏಣೆಲು ಬೆಳೆ, ಅಂದರೆ ಮಳೆಗಾಲದ ಭತ್ತ, ತೆನೆ ಕಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಗದ್ದೆಗೆ ಇಳಿಯುತ್ತದೆ. ಬದಿಯ ಹಲಸಿನ ಮರದಲ್ಲಿ ಹದಿನೈದು ಅಡಿ ಮೇಲೆ ಅಡಿಕೆ ಮರದ ಸೀಳು ಹಾಸಿ ಕೂರುತ್ತಿದ್ದೆ. ಕೋವಿ ಇರಲಿಲ್ಲ, ಟಾರ್ಚು ಮತ್ತು ಬಡಿಯಲಿಕ್ಕೆ ಡಬ್ಬ ಅಷ್ಟೇ. ಸೊಂಟಕ್ಕೆ ನೈಲಾನ್ ಬಳ್ಳಿ. ಒಂದು ಬೆಳಗಿನ ಜಾವ ತೂಕಡಿಸಿ ಜಾರಿದೆ. ಬಳ್ಳಿ ನೆಲ ಮುಟ್ಟಲು ಬಿಡಲಿಲ್ಲ, ನಿಜ. ಆದರೆ ಅದರಲ್ಲಿ ನಾಲ್ಕಡಿ ಸಡಿಲ ಇತ್ತು. ಬಿದ್ದ ಪೆಟ್ಟೆಲ್ಲ ಹೊಟ್ಟೆಗೇ ಬಂತು. ಬಳ್ಳಿ ಎದೆಗೂಡಿಗೆ ಸರಿದು ಉಸಿರು ಕಟ್ಟಿತು. ಪಕ್ಕದ ಗದ್ದೆಯಲ್ಲಿ ಕಾಯುತ್ತಿದ್ದ ಭಾವ ಓಡಿಬಂದು, ಏಣಿ ಇಟ್ಟು ನನ್ನನ್ನು ಕೆಳಗಿನಿಂದ ಎತ್ತಿ ಹಿಡಿದರು. ಎರಡು ಪಕ್ಕೆಲುಬು ಬಿರುಕು. ಒಂದೂವರೆ ತಿಂಗಳು ಸೀನಲಿಕ್ಕೂ ಹೆದರಿಕೆ.

ಅಮೆರಿಕದಲ್ಲಿ ಮರದ ಮೇಲೆ ಕೂತು ಜಿಂಕೆ ಬೇಟೆ ಮಾಡುವವರೂ ಹಿಂದೆ ಸೊಂಟದ ಬೆಲ್ಟನ್ನೇ ಕಟ್ಟುತ್ತಿದ್ದರು. ಈಗ ಅದನ್ನು ಬಿಟ್ಟು ಪೂರ್ತಿ ಮೈಗೆ ಹಾಕುವ ಹಾರ್ನೆಸ್‌ಗೆ ಬಂದಿದ್ದಾರೆ. ತೊಡೆ, ಸೊಂಟ, ಭುಜ ಎಲ್ಲದಕ್ಕೂ ಪಟ್ಟಿ ಇರುವುದರಿಂದ ಪೆಟ್ಟು ಹಂಚಿಹೋಗುತ್ತದೆ. ನಮ್ಮಲ್ಲಿ ಕಟ್ಟಡ ಕೆಲಸದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಐಎಸ್ 3521 ಎಂಬ ಭಾರತೀಯ ಮಾನಕದ ಗುರುತು ನೋಡಿ ತಗೊಳ್ಳಿ. ಒಮ್ಮೆ ಬಿದ್ದ ಭಾರ ತಡೆದ ಹಾರ್ನೆಸ್ಸನ್ನು ಮತ್ತೆ ಹಾಕಬೇಡಿ, ನೋಡಲು ಹೊಸದರ ಹಾಗೇ ಇದ್ದರೂ.

ಹಾರ್ನೆಸ್ಸಿನ ಹಗ್ಗವನ್ನು ಕಾಂಡಕ್ಕೆ ತಲೆಯಷ್ಟು ಎತ್ತರದಲ್ಲೋ ಇನ್ನೂ ಮೇಲೋ ಕಟ್ಟಬೇಕು. ಕೂತಾಗ ಸಡಿಲ ಹೆಚ್ಚುಕಡಿಮೆ ಇರಲೇಬಾರದು. ನಾನು ಮಾಡಿದ ತಪ್ಪು ಅದೇ ಅಲ್ವಾ.

ಇನ್ನೊಂದು, ಜನ ಕೂತಾಗಲೇ ಬೀಳುತ್ತಾರೆ ಅಂದುಕೊಳ್ಳಬೇಡಿ. ಜಾಸ್ತಿ ಬೀಳುವುದು ಹತ್ತುವಾಗ, ಇಳಿಯುವಾಗ, ಏಣಿಯಿಂದ ಅಟ್ಟಳಿಗೆಗೆ ಕಾಲಿಡುವಾಗ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಮರಗಳ ಮೇಲೆ ಪಾಚಿ ಎಷ್ಟಿರುತ್ತದೆ ಅಂತ ಗೊತ್ತಲ್ಲ. ಅದಕ್ಕೆ ಮೇಲಿನಿಂದ ಬುಡದವರೆಗೆ ಒಂದು ಗಟ್ಟಿ ಹಗ್ಗ ಕಟ್ಟಿಬಿಡಿ. ಅದಕ್ಕೆ ಪ್ರುಸಿಕ್ ಗಂಟು (ಬೇರೆ ಹಗ್ಗದ ಕುಣಿಕೆಯನ್ನು ದೊಡ್ಡ ಹಗ್ಗಕ್ಕೆ ಸುತ್ತಿ ಹಾಕುವ ಗಂಟು) ಹಾಕಿ ಹಾರ್ನೆಸ್ ಸಿಕ್ಕಿಸಿ. ಕೈಯಲ್ಲಿ ತಳ್ಳಿದರೆ ಜಾರುತ್ತದೆ, ಭಾರ ಬಿದ್ದರೆ ಕಚ್ಚಿ ನಿಲ್ಲುತ್ತದೆ. ಗಂಟಿನ ಹಗ್ಗ ಮಾತ್ರ ದೊಡ್ಡ ಹಗ್ಗಕ್ಕಿಂತ ಸಪೂರ ಇರಬೇಕು, ಇಲ್ಲದಿದ್ದರೆ ಕಚ್ಚುವುದಿಲ್ಲ. ನೆಲ ಬಿಡುವ ಮೊದಲು ಸಿಕ್ಕಿಸಿದ್ದನ್ನು ನೆಲ ಮುಟ್ಟಿದ ಮೇಲೆಯೇ ತೆಗೆಯಬೇಕು.

ಕೋವಿಯನ್ನು ಹೆಗಲಿಗೆ ಹಾಕಿ ಹತ್ತಬೇಡಿ. ತೋಟೆ ತೆಗೆದು, ಬಳ್ಳಿಗೆ ಕಟ್ಟಿ ಕೆಳಗೇ ಬಿಡಿ. ಮೇಲೆ ಕೂತು ಹಾರ್ನೆಸ್ ಬಿಗಿದ ಮೇಲೆ ಎಳೆದುಕೊಳ್ಳಿ, ನಳಿಗೆ ನಿಮ್ಮ ಕಡೆ ತಿರುಗದ ಹಾಗೆ. ಅಂದಹಾಗೆ, ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಡೆಯುವ ಹಾಗಿಲ್ಲ. ಬೇಟೆಗೆ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೂ ಕೊಟ್ಟಿತು. ಮೊದಲು ಪಂಚಾಯತಿಗೆ ಹೋಗಿ ಕೇಳಿ. ವಿಷ, ಕರೆಂಟು ತಂತಿಯ ಯೋಚನೆಯೇ ಬೇಡ.

ಹಾರ್ನೆಸ್ ಹಾಕಿಕೊಂಡರೂ ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಬಹುದು. ಒಂದು ಹಗ್ಗದ ಕುಣಿಕೆ ಜೊತೆಗಿಟ್ಟುಕೊಳ್ಳಿ. ಅದರಲ್ಲಿ ಕಾಲಿಟ್ಟು ಎದ್ದು ನಿಂತರೆ ತೊಡೆಯ ಪಟ್ಟಿ ಸಡಿಲವಾಗುತ್ತದೆ. ಫೋನು ಬ್ಯಾಗಿನಲ್ಲಿ ಬೇಡ, ನೇತಾಡುವಾಗಲೂ ಕೈಗೆ ಸಿಗುವ ಕಿಸೆಯಲ್ಲಿರಲಿ.

ನಾನು ಈಗಲೂ ಕಾಯುತ್ತೇನೆ. ಯಾವ ಮರ, ಎಷ್ಟು ಹೊತ್ತಿಗೆ ಇಳಿಯುತ್ತೇನೆ ಅಂತ ಭಾವನಿಗೆ ಹೇಳಿಯೇ ಹತ್ತುವುದು. ಆರು ಗಂಟೆಗೆ ನನ್ನ ಫೋನು ಬರದಿದ್ದರೆ ಅವರು ಏಣಿ ಹೊತ್ತು ಬರುತ್ತಾರೆ. ಎರಡು ಸಲ ಸುಮ್ನೆ ಬಂದು ಬೈದು ಹೋಗಿದ್ದಾರೆ.