ಸೋತವರು ರಾಷ್ಟ್ರಪಿತ ಆದದ್ದು ಹೇಗೆ?

ಪ್ರಶ್ನೆ: ಉರುಗ್ವೆಯ ರಾಷ್ಟ್ರಪಿತ ಹೋಸೆ ಆರ್ತಿಗಾಸ್ ಕೊನೆಗೆ ಪೋರ್ಚುಗೀಸರ ಕೈಲಿ ಸೋತು ದೇಶ ಬಿಟ್ಟು ಹೋದರಂತೆ. ಹಾಗಿದ್ದೂ ಅವರಿಗೆ ಅಷ್ಟು ಗೌರವ ಯಾಕೆ?
- ಓದುಗರು, ಹಾಸನ

ಉತ್ತರ: ಸೋತದ್ದು ನಿಜ. ಆದರೆ 1820ರ ಜನವರಿ 22ರಂದು ತಕ್ವಾರೆಂಬೋ ಹೊಳೆಯ ಬಳಿ ಆ ಕೊನೆಯ ಕಾಳಗ ನಡೆದಾಗ ಆರ್ತಿಗಾಸ್ ಅಲ್ಲಿ ಇರಲೇ ಇಲ್ಲ. ಸೈನ್ಯ ಅವರ ದಂಡನಾಯಕ ಆಂದ್ರೆಸ್ ಲಾತೊರ್ರೆ ಕೈಯಲ್ಲಿತ್ತು.

ಹೊಳೆ ತುಂಬಿ ಹರಿಯುತ್ತಿತ್ತು. ಒಂದು ದಡದಲ್ಲಿ ಲಾತೊರ್ರೆ, ಆಚೆ ದಡದಲ್ಲಿ ಪಾಂತಾಲಿಯೋನ್ ಸೊತೆಲೋ ಮತ್ತು ಅವರ ಗ್ವಾರಾನಿ ಬುಡಕಟ್ಟಿನ ಪಡೆ. ಫಿಗೇರಾ ಕೌಂಟನ ಪೋರ್ಚುಗೀಸ್ ಸೈನ್ಯ ಸುಳಿವೇ ಕೊಡದೆ ಮೇಲೆ ಬಿತ್ತು. ಎರಡೂ ಗುಂಪು ಒಂದಾದರೆ ಏನಾದರೂ ಮಾಡಬಹುದಿತ್ತು, ಆದರೆ ಆ ನೀರಿನಲ್ಲಿ ದಾಟುವುದು ಹೇಗೆ? ಸೊತೆಲೋ ಅಲ್ಲೇ ಸತ್ತರು. ಪೋರ್ಚುಗೀಸರು ಬರೆದಿಟ್ಟ ಲೆಕ್ಕದಲ್ಲಿ ಇವರ ಕಡೆ ಸತ್ತವರು 800, ಅವರ ಕಡೆ ಒಬ್ಬನೇ ಒಬ್ಬ. ಇದನ್ನು ಕಗ್ಗೊಲೆ ಅಂತಲೇ ಕರೆಯಬೇಕು.

ಆ ಗ್ವಾರಾನಿಗಳು ಆರ್ತಿಗಾಸ್ ಬೆನ್ನಿಗೆ ನಿಂತದ್ದು ಸುಮ್ನೆ ಅಲ್ಲ. 1815ರಲ್ಲಿ ಆರ್ತಿಗಾಸ್ ಜಮೀನು ಹಂಚುವ ಕಾನೂನು ತಂದಿದ್ದರು. ಓಡಿಹೋದ ಶತ್ರುಗಳ ಭೂಮಿಯನ್ನು ಮೂಲನಿವಾಸಿಗಳಿಗೆ, ಬಿಡುಗಡೆಯಾದ ಕರಿಯರಿಗೆ, ಬಡ ರೈತರಿಗೆ, ಮಕ್ಕಳಿರುವ ವಿಧವೆಯರಿಗೆ ಕೊಡಬೇಕು, ಎಲ್ಲರಿಗಿಂತ ಕಷ್ಟದಲ್ಲಿರುವವರಿಗೇ ಮೊದಲ ಪಾಲು ಅಂತ ಅದರಲ್ಲಿತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು ಅಲ್ವಾ? 1816ರಲ್ಲಿ ಪೋರ್ಚುಗೀಸರು ಬ್ರೆಜಿಲ್ ಕಡೆಯಿಂದ ಗಡಿ ದಾಟಿ ನುಗ್ಗಿದಾಗ, ಆಗ ಈ ಭಾಗದ ಪ್ರಾಂತ್ಯಗಳಿಗೆ ರಾಜಧಾನಿಯಾಗಿದ್ದ ಬ್ಯೂನಸ್ ಐರಿಸ್ ಸುಮ್ಮನೆ ನೋಡುತ್ತಾ ಕೂತಿತು. ಎಲ್ಲ ಪ್ರಾಂತ್ಯಗಳಿಗೂ ಸಮಾನ ಅಧಿಕಾರ ಬೇಕು ಅನ್ನುವ ಆರ್ತಿಗಾಸ್ ಅಲ್ಲಿನವರಿಗೆ ಬೇಡವಾಗಿದ್ದರು.

ನನಗೆ ಜಾಸ್ತಿ ನೋವಾಗುವುದು ಮುಂದಿನ ಭಾಗ ಓದಿದಾಗ. ತಕ್ವಾರೆಂಬೋ ಆಗಿ ಹತ್ತೇ ದಿನಕ್ಕೆ, ಫೆಬ್ರವರಿ 1ರಂದು, ಆರ್ತಿಗಾಸ್ ಜೊತೆಗಾರರಾದ ರಾಮಿರೆಸ್ ಮತ್ತು ಲೋಪೆಸ್ ಸೆಪೇದಾದಲ್ಲಿ ಬ್ಯೂನಸ್ ಐರಿಸ್ ಸೈನ್ಯವನ್ನೇ ಸೋಲಿಸಿದರು. ಇಷ್ಟು ವರ್ಷ ಕಾದ ಗೆಲುವು ಕೈಗೆ ಬಂತು, ಆದರೆ ಆರ್ತಿಗಾಸ್ ಬಳಿ ಆಗ ಸೈನ್ಯವೇ ಉಳಿದಿರಲಿಲ್ಲ. ಆರ್ತಿಗಾಸ್ ಅವರನ್ನು ಕೇಳದೆಯೇ ರಾಮಿರೆಸ್ ಬ್ಯೂನಸ್ ಐರಿಸ್ ಜೊತೆ ಒಪ್ಪಂದ ಮಾಡಿಕೊಂಡರು, ಆಮೇಲೆ ಆರ್ತಿಗಾಸ್ ಮೇಲೆಯೇ ತಿರುಗಿಬಿದ್ದು ಓಡಿಸಿದರು. ಆ ಸೆಪ್ಟೆಂಬರ್‌ನಲ್ಲಿ ಆರ್ತಿಗಾಸ್ ಪರಾಗ್ವೆ ಗಡಿ ದಾಟಿದರು. ಮರುವರ್ಷ ಅವರ ನಾಡು ಸಿಸ್ಪ್ಲಾಟಿನಾ ಅನ್ನುವ ಹೆಸರಲ್ಲಿ ಪೋರ್ಚುಗೀಸರ ಪ್ರಾಂತ್ಯವಾಯಿತು. ಉರುಗ್ವೆ ಸ್ವತಂತ್ರ ದೇಶ ಅಂತ ಒಪ್ಪಿಗೆಯಾದದ್ದು 1828ರಲ್ಲಿ.

ಪರಾಗ್ವೆಯಲ್ಲಿ 30 ವರ್ಷ ಇದ್ದರು. ಕುರುಗ್ವಾತಿ ಅನ್ನುವ ದೂರದ ಊರಲ್ಲಿ ಹೊಲ ಉಳುತ್ತಾ, ಸರ್ಕಾರ ಕೊಡುತ್ತಿದ್ದ ಪಿಂಚಣಿಯನ್ನು ಅಕ್ಕಪಕ್ಕದ ಬಡವರಿಗೆ ಹಂಚುತ್ತಾ ಬದುಕಿದರು. ಮುಂದೆ ಉರುಗ್ವೆಯಿಂದ ಕರೆ ಬಂದರೂ ಹೋಗಲಿಲ್ಲ. 1850ರಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು. ಐದು ವರ್ಷದ ನಂತರ ಮೂಳೆಗಳನ್ನು ತಾಯ್ನಾಡಿಗೆ ತಂದರು. ಈಗ ಅವು ಮಾಂಟೆವಿಡಿಯೋದ ಸ್ವಾತಂತ್ರ್ಯ ಚೌಕದಲ್ಲಿ, ಅವರ ಕುದುರೆ ಸವಾರಿಯ ಪ್ರತಿಮೆಯ ಕೆಳಗೆ, ನೆಲಮಾಳಿಗೆಯಲ್ಲಿವೆ.