ಬೆಳ್ಳಿಯ ನಡುವೆ ಮೆಗ್ನೀಸಿಯಂ ಎಲ್ಲಿ ಕೂರುತ್ತದೆ?

ಪ್ರಶ್ನೆ: ನಮ್ಮ ತಂದೆಯವರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಕ್ಕಸಾಲಿ ಕೆಲಸ ಮಾಡುತ್ತಾರೆ. ಮೂಸೆಯಲ್ಲಿ ಬೆಳ್ಳಿಗೆ ತಾಮ್ರ ಬೆರೆಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಳ್ಳಿಗೆ ಮೆಗ್ನೀಸಿಯಂ ಸೇರಿಸಿದರೆ ಪರಮಾಣುಗಳು ಗೊತ್ತಾದ ಸ್ಥಾನಗಳಲ್ಲೇ ಕೂರುತ್ತವೆ ಎಂದು ಬಿ.ಎಸ್ಸಿ. ಪಾಠದಲ್ಲಿ ಓದಿದೆ. ಕರಗಿಸಿ ಬೆರೆಸಿದ ಲೋಹದಲ್ಲಿ ಇಂಥ ಕ್ರಮ ಹೇಗೆ ಬರುತ್ತದೆ? ಅದು ಇದೆಯೆಂದು ತಿಳಿಯುವುದು ಹೇಗೆ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ತಂದೆಯವರ ಮೂಸೆಯಿಂದಲೇ ಆರಂಭಿಸೋಣ. ಬೆಳ್ಳಿಯೂ ತಾಮ್ರವೂ ದ್ರವರೂಪದಲ್ಲಿ ಚೆನ್ನಾಗಿ ಬೆರೆಯುತ್ತವೆಯಾದರೂ, ಆರಿ ಗಟ್ಟಿಯಾದ ಮೇಲೆ ಬೆಳ್ಳಿ ಹೆಚ್ಚಿರುವ ಕಣಗಳು ಮತ್ತು ತಾಮ್ರ ಹೆಚ್ಚಿರುವ ಕಣಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಏಕೆಂದರೆ ಆ ಪರಮಾಣುಗಳಿಗೆ ಸ್ವಜಾತಿಯ ನೆರೆಯೇ ಹಿತ. ಮೆಗ್ನೀಸಿಯಂನ ಸ್ವಭಾವ ಇದಕ್ಕೆ ವಿರುದ್ಧವಾದುದು: ಅದು ಮೆಗ್ನೀಸಿಯಂಗಿಂತ ಬೆಳ್ಳಿಯ ನೆರೆಯನ್ನೇ ಹೆಚ್ಚು ಬಯಸುತ್ತದೆ. ಕ್ರಮದ ಮೂಲ ಈ ಒಲವಿನಲ್ಲಿದೆ.

ನಮ್ಮ ಮಲೆನಾಡಿನ ತೋಟಗಳಲ್ಲಿ ನಾಲ್ಕು ಅಡಿಕೆ ಮರಗಳ ನಟ್ಟನಡುವೆ ಒಂದು ಬಾಳೆ ನೆಡುವುದನ್ನು ನೀವು ಕಂಡಿರುತ್ತೀರಿ. ಎರಡು ಲೋಹಗಳ ಪರಮಾಣುಗಳು ಸಮಸಂಖ್ಯೆಯಲ್ಲಿರುವಾಗ ಇದೇ ವಿನ್ಯಾಸ ಮೂರು ಆಯಾಮಗಳಲ್ಲಿ ಮೂಡುತ್ತದೆ. ಘನದ ಎಂಟು ಮೂಲೆಗಳಲ್ಲಿ ಬೆಳ್ಳಿ, ನಡುವೆ ಮೆಗ್ನೀಸಿಯಂ. ಬೆಳ್ಳಿಯದಾದ ಮುಖಕೇಂದ್ರಿತ ಘನವೂ (ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣುಗಳಿರುವ ಘನ) ಅಲ್ಲದ, ಮೆಗ್ನೀಸಿಯಂನ ಷಟ್ಕೋನ ರಚನೆಯೂ ಅಲ್ಲದ ಮೂರನೆಯ ರಚನೆ ಇದು. ಘನದ ಅಂಚು ಸುಮಾರು 3.31 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು) ಇರುವುದರಿಂದ ಅಕ್ಕಪಕ್ಕದ ಎರಡು ಪರಮಾಣುಗಳ ಅಂತರ 2.87 ಆಗುತ್ತದೆ, ಶುದ್ಧ ಲೋಹಗಳಲ್ಲಿನ ತ್ರಿಜ್ಯಗಳನ್ನು ಕೂಡಿದರೆ 3.04 ಬರಬೇಕಿತ್ತು. ಪರಸ್ಪರ ಸೆಳೆತ ಎಷ್ಟು ಬಲವಾದುದೆಂದು ಈ ಕುಗ್ಗುವಿಕೆಯೇ ಹೇಳುತ್ತದೆ. ಸುಮಾರು 820 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವವರೆಗೂ ಆ ಕ್ರಮ ಕದಲುವುದಿಲ್ಲ.

ಮೂರು ಪಾಲು ಬೆಳ್ಳಿಗೆ ಒಂದು ಪಾಲು ಮೆಗ್ನೀಸಿಯಂ ಪರಮಾಣುಗಳಿರುವಾಗ ಸಂಗತಿ ಬೇರೆ. ಅಲ್ಲಿ ಮುಖಕೇಂದ್ರಿತ ಘನವೇ ಉಳಿದು, ಸುಮಾರು 390 ಡಿಗ್ರಿಗಿಂತ ಕೆಳಗೆ ಮಾತ್ರ ಕ್ರಮ ಮೂಡುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಪ್ರಿಯವಾದುದು. ಕ್ರಮವನ್ನು ಗುರುತಿಸಲು ಲೋಹದ ಮೇಲೆ ಎಕ್ಸ್-ಕಿರಣಗಳನ್ನು ಬೀಳಿಸಿ, ಅವು ಯಾವ ಕೋನಗಳಲ್ಲಿ ಮರಳುತ್ತವೆಂದು ನೋಡುತ್ತಾರೆ. ಈ ಕಿರಣಗಳನ್ನು ಚದುರಿಸುವುದು ಪರಮಾಣುಗಳಲ್ಲಿರುವ ಎಲೆಕ್ಟ್ರಾನುಗಳು. ಮೂಲೆಯ ಪದರಗಳಿಂದಲೂ ಅವುಗಳ ನಡುವಿನ ಪದರದಿಂದಲೂ ಮರಳುವ ಅಲೆಗಳು ಕೆಲವು ಕೋನಗಳಲ್ಲಿ ಒಂದಕ್ಕೊಂದು ತದ್ವಿರುದ್ಧವಾಗಿರುತ್ತವೆ. ಬೆಳ್ಳಿ, ಮೆಗ್ನೀಸಿಯಂ ಎರಡೂ ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಎಲ್ಲ ಪದರಗಳೂ ಸರಾಸರಿಯಲ್ಲಿ ಒಂದೇ ಆಗಿ, ಆ ಅಲೆಗಳು ಪೂರ್ತಿ ಅಳಿಸಿಹೋಗುತ್ತವೆ. ಕ್ರಮವಿದ್ದರೆ ಹಾಗಾಗದು: ಬೆಳ್ಳಿಯಲ್ಲಿ 47 ಎಲೆಕ್ಟ್ರಾನುಗಳು, ಮೆಗ್ನೀಸಿಯಂನಲ್ಲಿ 12, ಉಳಿದ ವ್ಯತ್ಯಾಸ ಎಕ್ಸ್-ಕಿರಣ ಚಿತ್ರದಲ್ಲಿ ಹೆಚ್ಚುವರಿ ರೇಖೆಯಾಗಿ ಸ್ಪಷ್ಟವಾಗಿ ಕಾಣುತ್ತದೆ. ಅರ್ಧದಷ್ಟು ಸತುವಿರುವ ಹಿತ್ತಾಳೆಯಲ್ಲಿಯೂ ಇಂಥದೇ ಕ್ರಮವಿದೆ. ಆದರೆ ತಾಮ್ರಕ್ಕೆ 29, ಸತುವಿಗೆ 30 ಎಲೆಕ್ಟ್ರಾನುಗಳಾದ್ದರಿಂದ ಅದರ ಹೆಚ್ಚುವರಿ ರೇಖೆಗಳು ಕಾಣದಷ್ಟು ಮಸುಕು. ಈ ವಿಷಯ ಕಲಿಯುವವರಿಗೆ ಹಿತ್ತಾಳೆಗಿಂತ ಬೆಳ್ಳಿ–ಮೆಗ್ನೀಸಿಯಂ ಉತ್ತಮ ಉದಾಹರಣೆಯೆಂದು ನಾನು ಭಾವಿಸುವುದು ಇದಕ್ಕಾಗಿಯೇ.

ದಯವಿಟ್ಟು ಇದನ್ನು ಅಂಗಡಿಯ ಮೂಸೆಯಲ್ಲಿ ಪ್ರಯತ್ನಿಸಬೇಡಿ. ಬೆಳ್ಳಿ ಕರಗಲು 962 ಡಿಗ್ರಿ ಬೇಕು. 650ರಲ್ಲೇ ಕರಗುವ ಮೆಗ್ನೀಸಿಯಂ ಅಷ್ಟು ಕಾವಿನಲ್ಲಿ ಗಾಳಿ ತಾಗಿದರೆ ಕಣ್ಣು ಕೋರೈಸುವಂತೆ ಹೊತ್ತಿ ಉರಿಯುತ್ತದೆ, ನೀರು ಸುರಿದರೆ ಉರಿ ಇನ್ನೂ ಹೆಚ್ಚುತ್ತದೆ. ಪ್ರಯೋಗಾಲಯಗಳಲ್ಲಿ ಈ ಮಿಶ್ರಲೋಹವನ್ನು ಗಾಳಿ ಸೋಕದಂತೆ ಆರ್ಗಾನ್ ಅನಿಲದಲ್ಲಿ ಕರಗಿಸುತ್ತಾರೆ.