ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್ ಬಿಚ್ಚಲು ಮುರಕಲ್ಲಿನ ಆಸರೆ ಸಾಕೇ?

ಖಂಡಿತ ಸಾಲದು. ಉಡುಪಿಯಲ್ಲಿ ಯಾರ ಅಂಗಳ ನೋಡಿದರೂ ನಾಲ್ಕು ಮುರಕಲ್ಲು ಬಿದ್ದಿರುತ್ತವೆ, ಕೈ ಅತ್ತ ಹೋಗುವುದು ಸಹಜ. ಆದರೆ ಅದು ತೂತುತೂತಾದ ಕಲ್ಲು. ಗೋಡೆಯಲ್ಲಿ ಭಾರ ಕಲ್ಲಿನ ಇಡೀ ಮೈಗೆ ಹರಡುತ್ತದೆ. ಇಲ್ಲಿ ಸುಮಾರು 200 ಕಿಲೋದ ಯಂತ್ರ ಒಂದು ಕಬ್ಬಿಣದ ಅಂಚಿನಿಂದ ಅದನ್ನು ಒತ್ತುತ್ತದೆ. ಮಳೆನೀರು ಕುಡಿದ ಕಲ್ಲು ಸದ್ದಿಲ್ಲದೆ ಬಿರಿಯಬಹುದು. ಸಿಮೆಂಟ್ ಬ್ಲಾಕ್ ಕೂಡ ಬೇಡ.

ಜ್ಯಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೈಡ್ರಾಲಿಕ್ ಜ್ಯಾಕಿನ ಸೀಲ್ ಸೋತರೆ ಯಂತ್ರ ಕುಸಿಯುತ್ತದೆ. ಎತ್ತಿದ ಕೂಡಲೇ ಚಾಸಿಸ್ ಅಥವಾ ಆಕ್ಸಲ್ ಅಡಿಗೆ ಎರಡು ಜ್ಯಾಕ್ ಸ್ಟ್ಯಾಂಡ್ (ಭಾರ ಹೊತ್ತು ನಿಲ್ಲುವ ಕಬ್ಬಿಣದ ಆಸರೆ) ಇಟ್ಟು ಭಾರವನ್ನು ಅವುಗಳ ಮೇಲೆ ಇಳಿಸಿ. ಬ್ಲೇಡನ್ನು ಮುಚ್ಚಿರುವ ಕವಚಕ್ಕೆ, ಅಂದರೆ ಡೆಕ್‌ಗೆ, ಆಸರೆ ಕೊಡಬೇಡಿ, ಅದು ಬರೀ ತಗಡು. ಕೆಲಸ ಕಾಂಕ್ರೀಟ್ ನೆಲದ ಮೇಲೆಯೇ ನಡೆಯಲಿ. ಆಟಿ ತಿಂಗಳ ಮಳೆಗೆ ನೆನೆದ ಮಣ್ಣಿನಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ.

ಇದೆಲ್ಲಕ್ಕಿಂತ ಮೊದಲು ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿರಬೇಕು. ಅಡಿಗೆ ಕೈ ಹಾಕುವ ಮುನ್ನ ಬದಿಯಿಂದ ಯಂತ್ರವನ್ನು ಅಲುಗಾಡಿಸಿ ನೋಡಿ. ಒಂದಿಷ್ಟು ಓಲಾಡಿದರೂ ಇಳಿಸಿ, ಹೊಸದಾಗಿ ಎತ್ತಿ.